ಅತ್ತೆ ನಿಲ್ಲದ ಕೌಂಟರ್

ರೋಸ್ವಿತಾ ತಮ್ಮ ಸೊಸೆಯ ಕೌಂಟರಿನ ಮುಂದೆ ಒಂದು ದಿನವೂ ನಿಂತವರಲ್ಲ.

ಮುಲ್ಡೆ ಹೊಳೆಯ ದಂಡೆಯ ಆ ಊರಿಗೆ ಇದ್ದದ್ದೇ ಒಂದು ದೊಡ್ಡ ದಿನಸಿ ಅಂಗಡಿ, ಅದರಲ್ಲಿ ದುಡ್ಡು ಕಟ್ಟುವ ಕೌಂಟರು ಮೂರು. ಸಿಲ್ಕೆ ಹದಿನಾಲ್ಕು ವರ್ಷದಿಂದ ಮೂರನೆಯದರಲ್ಲಿ ಕೂರುತ್ತಾಳೆ. ಅತ್ತೆ ವಾರಕ್ಕೆರಡು ಸಲ ಬುಟ್ಟಿ ಹಿಡಿದು ಬರುತ್ತಾರೆ. ಒಂದನೆಯದರ ಮುಂದೆ ಹತ್ತು ಜನ ನಿಂತಿದ್ದು ಮೂರನೆಯದು ಖಾಲಿ ಹೊಡೆಯುತ್ತಿದ್ದರೂ ಒಂದನೆಯದಕ್ಕೇ ಹೋಗಿ ಬಾಲ ಹಿಡಿಯುತ್ತಾರೆ. ನಾಣ್ಯಗಳನ್ನು ಒಂದೊಂದೇ ಎಣಿಸಿ ಕೊಟ್ಟು, ಬಿಲ್ಲನ್ನು ಅಲ್ಲೇ ನಾಲ್ಕು ಚೂರು ಮಾಡಿ ಕಸದ ಡಬ್ಬಿಗೆ ಹಾಕಿ, ಸೊಸೆಯ ಕಡೆ ತಲೆಯಾಡಿಸಿ ಹೊರಟುಹೋಗುತ್ತಾರೆ.

"ನಿಮ್ಮತ್ತೆಗೆ ನೀನಂದ್ರೆ ಭಯಾನೋ, ಅಸಹ್ಯಾನೋ?" ಎಂದು ಒಂದನೇ ಕೌಂಟರಿನ ಇನೆಸ್ ಕಿಚಾಯಿಸುತ್ತಿದ್ದಳು.

"ನಿನ್ನ ಮೇಲೆ ಪ್ರೀತಿ, ಇನ್ನೇನು," ಎಂದು ಸಿಲ್ಕೆ ನಗುತ್ತಿದ್ದಳು. ನಗುವುದೇನೋ ನಗುತ್ತಿದ್ದಳು, ಆದರೆ ಅದು ಅವಳಿಗೆ ಚುಚ್ಚುತ್ತಿತ್ತು. ಮನೆಯಲ್ಲಿ ಅತ್ತೆಯಂಥ ಅತ್ತೆ ಇನ್ನೊಬ್ಬರಿಲ್ಲ. ಮೇಲಿನ ಎರಡು ಕೋಣೆಯಲ್ಲಿ ಒಬ್ಬರೇ ಇರುತ್ತಾರೆ, ಸಿಲ್ಕೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಆಲೂಗಡ್ಡೆ ಸೂಪು ಬಿಸಿ ಮಾಡಿ ಇಟ್ಟಿರುತ್ತಾರೆ, ರಾತ್ರಿ ಊಟಕ್ಕೆ ಕೆಳಗೆ ಬರುತ್ತಾರೆ. ಸೊಸೆ ಕೌಂಟರಿನಲ್ಲಿ ಕೂರುವವಳೆಂಬ ಸಣ್ಣತನ ಒಳಗೆಲ್ಲೋ ಇರಬಹುದು ಎಂದು ಸಿಲ್ಕೆ ತನಗೆ ತಾನೇ ಹೇಳಿಕೊಂಡು ಸುಮ್ಮನಾಗಿದ್ದಳು.

ಅಕ್ಟೋಬರಿನಲ್ಲಿ ಬಟ್ಟೆ ಒಗೆಯುವ ಮಷಿನ್ನು ಕೈಕೊಟ್ಟಿತು. ಅಂದು ರಾತ್ರಿ ಬ್ರೆಡ್ಡು, ಚೀಸು, ಉಪ್ಪಿನ ಸೌತೆಕಾಯಿಯ ಮಧ್ಯೆ ಹೈಕೊ ಫೋನು ಎತ್ತಿ ಎಲ್ಲರಿಗೂ ತೋರಿಸಿದ. ಹೈಕೊ ಸಿಲ್ಕೆಯ ಗಂಡ, ಜಲ್ಲಿ ಕ್ವಾರಿಯಲ್ಲಿ ಲಾರಿ ಓಡಿಸುವವನು, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಅರೆಕ್ಷಣ ಸಾಕು.

"ತಿಂಗಳಿಗೆ ಇಪ್ಪತ್ತೊಂಬತ್ತು ಯೂರೋ, ಮೂವತ್ತು ಕಂತು, ಬಡ್ಡಿ ಸೊನ್ನೆ. ಬೆರಳು ಒತ್ತಿದ್ರೆ ಗುರುವಾರ ಮನೆ ಬಾಗ್ಲಿಗೆ."

"ನಿಮ್ಮಪ್ಪ ಮೊದಲ್ನೇ ಮಷಿನ್ನಿಗೆ ಹನ್ನೊಂದು ತಿಂಗಳು ದುಡ್ಡು ಕೂಡಿಟ್ಟಿದ್ರು," ಎಂದರು ರೋಸ್ವಿತಾ.

"ಹನ್ನೊಂದು ತಿಂಗಳು ಒಗೀದಿರೋ ಚಡ್ಡಿ ಹಾಕ್ಕೊಳ್ಲೇನಮ್ಮ?"

"ಕೈ ಇದೆಯಲ್ಲ."

"ಯಾರ ಕೈ? ಸಿಲ್ಕೆ ಕೈ ತಾನೆ?"

"ನನ್ನ ಕೈ ಸುದ್ದಿಗೆ ಬರ್ಬೇಡಿ, ಇಬ್ರೂ," ಎಂದಳು ಸಿಲ್ಕೆ.

ಮಗಳು ಯೂಲೆ ಸೌತೆಕಾಯಿ ಕಚ್ಚುತ್ತ ಅಜ್ಜಿಯ ಕಡೆ ತಿರುಗಿದಳು. ಹತ್ತೊಂಬತ್ತರ ಹುಡುಗಿ, ಲೈಪ್‌ಜಿಗ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಸೇರಿ ಎರಡು ತಿಂಗಳಾಗಿತ್ತು. "ಓಮಾ, ಈಗ ಯಾರೂ ದುಡ್ಡು ಹಿಡ್ಕೊಂಡು ಓಡಾಡಲ್ಲ."

"ದುಡ್ಡು ಹಿಡ್ಕೊಂಡು ಓಡಾಡ್ದೆ ಇದ್ರೆ, ನೀನು ಎಲ್ಲೆಲ್ಲಿ ಓಡಾಡ್ದೆ ಅಂತ ಬೇರೆಯವ್ರು ಬರ್ಕೋತಾರೆ."

"ಬರ್ಕೊಳ್ಳಿ ಬಿಡು. ನಾನು ಮೊಸರು ತಗೊಂಡ್ರೆ ಯಾರಿಗೇನು?"

"ಮೊಸರು ತಗೊಂಡಿದ್ದು ಬರೀ ಮೊಸರಿನ ಸುದ್ದಿಯಾಗಿ ಉಳಿಯಲ್ಲ, ಮಗು."

ಯೂಲೆ ಅಪ್ಪನ ಕಡೆ ನೋಡಿ ಹುಬ್ಬು ಹಾರಿಸಿದಳು. ಓಮಾ ಹಾಡು ಶುರುವಾಯಿತು ಎಂದು ಅದರ ಅರ್ಥ. ಆ ಮನೆಯಲ್ಲಿ ಎಲ್ಲರಿಗೂ ಆ ಹಾಡು ಬಾಯಿಪಾಠ. ತಿಂಗಳ ಒಂದನೇ ತಾರೀಕು ರೋಸ್ವಿತಾ ಬ್ಯಾಂಕಿಗೆ ಹೋಗಿ ಪಿಂಚಣಿಯಷ್ಟನ್ನೂ ನೋಟು ಮಾಡಿಕೊಂಡು ಬರುತ್ತಾರೆ. ಹಳೆಯ ಲಕೋಟೆಗಳ ಒಳಮಗ್ಗುಲು ಹೊರಗೆ ಮಾಡಿ ಅಂಟಿಸಿ, ಮೇಲೆ ಪೆನ್ಸಿಲಿನಲ್ಲಿ ಬರೆದಿರುತ್ತಾರೆ: ಅಡಿಗೆ, ಕರೆಂಟು, ಕೂದಲು, ಹುಟ್ಟುಹಬ್ಬ. ಎಲ್ಲಕ್ಕಿಂತ ದಪ್ಪನೆಯದು ಶವಪೆಟ್ಟಿಗೆಯ ಲಕೋಟೆ. ನಾನು ಸತ್ತಾಗ ಯಾರೂ ಕಂತು ಕಟ್ಟಬೇಕಿಲ್ಲ ಎಂದು ಅದನ್ನು ತಟ್ಟಿ ತಟ್ಟಿ ಹೇಳುತ್ತಿದ್ದರು. ಕೊಂಡದ್ದನ್ನೆಲ್ಲ ಬರೆದಿಟ್ಟುಕೊಂಡು ರಿಯಾಯಿತಿ ಕೊಡುವ ಪಾಯಿಂಟ್ ಕಾರ್ಡು ಯಾವ ಅಂಗಡಿಯದೂ ಅವರ ಹತ್ತಿರವಿಲ್ಲ.

ಕೊನೆಗೆ ಸಿಲ್ಕೆಯೇ ಇನೆಸಳ ತಂಗಿಯಿಂದ ನೂರೈವತ್ತು ಯೂರೋ ಎಣಿಸಿ ಹಳೆಯ ಮಷಿನ್ನು ತಂದಳು. ಅದು ಬಟ್ಟೆ ಹಿಂಡುವಾಗ ದೆವ್ವ ಮೈಮೇಲೆ ಬಂದಂತೆ ಕುಣಿದು ಬಚ್ಚಲಿನ ಬಾಗಿಲವರೆಗೂ ಬರುತ್ತಿತ್ತು. ಹೈಕೊ ಅದಕ್ಕೆ ಅಮ್ಮನ ಹೆಸರಿಟ್ಟ.

ನವೆಂಬರ್ ಮೊದಲ ವಾರ ಯೂಲೆ ಕುಣಿದಾಡುತ್ತ ಬಂದಳು. ಬೆಳಗಿನ ನಾಲ್ಕೂಮುಕ್ಕಾಲಿನ ರೈಲು ಹಿಡಿದು ಹಿಡಿದು ಕಣ್ಣಡಿ ಕಪ್ಪಾಗಿದ್ದ ಹುಡುಗಿಗೆ ಲೈಪ್‌ಜಿಗ್‌ನಲ್ಲಿ, ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ಜನವರಿಯಿಂದ ಒಂದು ಕೋಣೆ ಸಿಗುವುದಿತ್ತು. ಆದರೆ ಮನೆ ಮಾಲೀಕನಿಗೆ ಎರಡು ಕಾಗದ ಬೇಕು. ಒಂದು, ಮೂರು ತಿಂಗಳ ಬ್ಯಾಂಕ್ ಲೆಕ್ಕ. ಇನ್ನೊಂದು, ಸಾಲ ಬಾಕಿ ಇಟ್ಟವರ ಪಟ್ಟಿಯಲ್ಲಿ ಹೆಸರಿಲ್ಲವೆಂಬ ಪತ್ರ. ಪ್ರಿಂಟರು ಇದ್ದದ್ದು ಅಪ್ಪನ ಕಂಪ್ಯೂಟರಿನ ಪಕ್ಕದಲ್ಲಿ. ಅವಸರದ ಹುಡುಗಿ, ಬ್ಯಾಂಕ್ ಲೆಕ್ಕವನ್ನು ಅಪ್ಪನಿಗೇ ಕಳಿಸಿ, ಅಚ್ಚು ಹಾಕಿಡು ಎಂದು ರೈಲು ಹತ್ತಿದಳು.

ಅಂದು ಊಟಕ್ಕೆ ಕೂತಾಗ ಹೈಕೊನ ಕೈಯಲ್ಲಿ ಹಾಳೆಗಳ ಕಟ್ಟು, ಹಳದಿ ಪೆನ್ನು ಎರಡೂ ಇದ್ದವು.

"ಸೆಪ್ಟೆಂಬರ್ ಮೂರು, ಕಂತು, ಹದಿನೆಂಟು ಯೂರೋ. ಸೆಪ್ಟೆಂಬರ್ ನಾಲ್ಕು, ಕಂತು, ಇಪ್ಪತ್ತೆರಡು. ಐದು, ಕಂತು. ಏನೇ ಯೂಲೆ ಇದು, ದಿನಕ್ಕೊಂದರ ಹಾಗೆ ವ್ರತ ಹಿಡಿದಿದ್ದೀಯಾ?"

"ಅಪ್ಪಾ, ನಿಲ್ಸು."

"ಜೀನ್ಸಿನ ಕಂತು. ಬೂಟಿನ ಕಂತು. ಖಾತೇಲಿ ದುಡ್ಡಿಲ್ದೆ ವಾಪಸ್ ಹೋದ ಕಂತು, ಅದಕ್ಕೊಂದು ದಂಡ. ಒಟ್ಟು ಬಾಕಿ ಎಷ್ಟಿದೆ? ಬಾಯಿ ಬಿಟ್ಟು ಹೇಳು."

"ಸಾವಿರದ ನೂರನಲವತ್ತು," ಎಂದಳು ಯೂಲೆ ತಟ್ಟೆ ನೋಡುತ್ತ. "ಹದಿನೈದನೇ ತಾರೀಕಿನೊಳಗೆ ಕಟ್ದೆ ಇದ್ರೆ ಹೆಸ್ರು ಪಟ್ಟಿಗೆ ಹೋಗುತ್ತೆ ಅಂತ ಕಾಗ್ದ ಬಂದಿದೆ."

"ಹೋದ್ರೆ ಕೋಣೆ ಸಿಗುತ್ತಾ?"

"ಇಲ್ಲ."

ಸಿಲ್ಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ತಿಂಗಳು ಮುಂಚೆ ಹೇಳಿದ್ದರೆ! ಅವಳ ಹತ್ತಿರ ಇದ್ದ ದುಡ್ಡು ಮಷಿನ್ನಿಗೆ, ಚಳಿಗಾಲದ ಟೈರಿಗೆ ಹೋಗಿಯಾಗಿತ್ತು. ಹೈಕೊ ಮಾತ್ರ ಸಿಟ್ಟಿನ ಭರದಲ್ಲಿ ಹಾಳೆ ಮಗುಚಿದ.

"ಹದಿನಾಲ್ಕನೇ ತಾರೀಕು. ಔಷಧಿ ಅಂಗಡಿ, ಒಂಬತ್ತು ತೊಂಬತ್ತೈದು. ಅದೇ ದಿನ ಟ್ಯಾಕ್ಸಿ, ಮೂವತ್ತೊಂದು ಯೂರೋ! ಟ್ಯಾಕ್ಸಿ ಹತ್ತೋ ಅಂಥ ಘನಂದಾರಿ ಕೆಲ್ಸ ಏನಿತ್ತು ಅವತ್ತು?"

ಯೂಲೆಯ ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತು. ಆ ಹದಿನಾಲ್ಕರಂದು ಮಗಳು ಹೊಟ್ಟೆನೋವೆಂದು ಹೊದ್ದು ಮಲಗಿದ್ದು, ಎರಡು ದಿನ ಯಾರ ಜೊತೆಯೂ ಮಾತಾಡದೆ ಇದ್ದದ್ದು ಸಿಲ್ಕೆಗೆ ನೆನಪಾಯಿತು. "ಹೈಕೊ, ಸಾಕು," ಎಂದಳು.

"ಸಾಕೇನು? ಮಾಲೀಕ ಓದಿದ್ರೆ ಪರ್ವಾಗಿಲ್ಲ, ಹೆತ್ತಪ್ಪ ಓದಬಾರದಾ?"

ರೋಸ್ವಿತಾ ಚಮಚ ಕೆಳಗಿಟ್ಟರು. ಎದ್ದು ಹೋಗಿ ಮಗನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಮಡಚಿ ಮೊಮ್ಮಗಳ ಮಡಿಲಿಗೆ ಹಾಕಿದರು. ಆಮೇಲೆ ಮೆಟ್ಟಿಲು ಹತ್ತಿ ಹೋದರು. ಇಳಿದು ಬಂದಾಗ ಅವರ ಕೈಯಲ್ಲೊಂದು ಬೂದು ಬಣ್ಣದ ಕಡತ ಇತ್ತು. ಒಂದು ಹಾಳೆ ತೆಗೆದು, ಕನ್ನಡಕ ಸರಿಮಾಡಿಕೊಂಡು, ಏರಿಳಿತವಿಲ್ಲದ ದನಿಯಲ್ಲಿ ಓದಿದರು.

"ಮಾರ್ಚ್ ಹನ್ನೆರಡು, ಎಂಬತ್ತಮೂರು. ಸದಸ್ಯ ಸಂಖ್ಯೆ ನಾನೂರ ಹದಿನೆಂಟು. ಕಾಫಿ ಪೊಟ್ಟಣ ಮೂರು. ಈ ಮನೆಯವರು ಸಾಮಾನ್ಯವಾಗಿ ತಿಂಗಳಿಗೆ ಒಂದೇ ಕೊಳ್ಳುತ್ತಾರೆ. ಗಂಡಸರ ಮನೆಚಪ್ಪಲಿ ಒಂದು ಜೊತೆ, ಅಳತೆ ನಲವತ್ತೊಂದು. ಗಂಡನ ಪಾದ ನಲವತ್ತಮೂರು. ಮನೆಗೆ ಯಾರೋ ಬರುವವರಿದ್ದಾರೆ."

"ಏನಿದು?" ಎಂದ ಹೈಕೊ.

"ಸಹಕಾರಿ ಅಂಗಡೀಲಿ ನಾನು ಮಾಡಿದ ವ್ಯಾಪಾರ. ವರ್ಷದ ಕೊನೇಲಿ ರಿಯಾಯಿತಿ ಸಿಗ್ಲಿ ಅಂತ ಸದಸ್ಯ ಸಂಖ್ಯೆ ಹೇಳಿ ಸ್ಟ್ಯಾಂಪು ಅಂಟಿಸ್ಕೋತಿದ್ವಿ. ದೇಶ ಎರಡಾಗಿದ್ದ ಕಾಲ, ನನ್ನಣ್ಣ ಗಡಿ ದಾಟಿ ಪಶ್ಚಿಮಕ್ಕೆ ಹೋಗಿ ಎರಡು ವರ್ಷ ಆಗಿತ್ತು. ಅವನು ಕದ್ದು ಬರ್ತಾನೆ ಅಂತ ಇಲ್ಲಿನ ಗುಪ್ತ ಪೊಲೀಸರ ಲೆಕ್ಕ. ನಿಮ್ಮಪ್ಪನ್ನ ಮೂರು ದಿನ ಕೂಡಿಹಾಕಿ, ಯಾರ ಪಾದ ನಲವತ್ತೊಂದು ಅಂತ ಕೇಳಿದ್ರು. ಆಸ್ಪತ್ರೆಯಿಂದ ಬರ್ತಿದ್ದ ನನ್ನಪ್ಪಂದು! ಹೇಳಿದ್ರೆ ಯಾರು ನಂಬ್ಬೇಕು? ಮೇಸ್ತ್ರಿ ಕೆಲ್ಸ ಹೋಯ್ತು. ಸಾಯೋವರ್ಗೂ ನನ್ನ ಲೋಥಾರ್ ಗೇಟಿನ ಸದ್ದಾದ್ರೆ ಎದ್ದು ನಿಲ್ತಿದ್ರು, ನೀನೇ ನೋಡಿದ್ದೀಯ." ಅವರು ಕನ್ನಡಕ ತೆಗೆದರು. "ಕೊಂಡದ್ದು ನಾನು, ದುಡ್ಡು ಕೊಟ್ಟದ್ದು ನಾನು, ಅದ್ರ ಅರ್ಥ ಬರ್ದದ್ದು ಮಾತ್ರ ಇನ್ನೊಬ್ರು. ನೀನು ಈಗ ಓದ್ತಿದ್ದೆಯಲ್ಲ, ಅದೇ ದನಿಯಲ್ಲಿ ಅವ್ರೂ ಓದಿರ್ತಾರೆ."

ಹೈಕೊ ಸೋಲಲು ಮನಸ್ಸಿಲ್ಲದೆ, "ಆಗ ನೀನು ನಗದು ದುಡ್ಡೇ ಕೊಟ್ಟಿದ್ದೆ ಅಲ್ವೇನಮ್ಮ?" ಎಂದ.

"ಕೊಟ್ಟಿದ್ದೆ. ಅದಕ್ಕೇ ಬರ್ಯೋಕ್ಕೆ ಒಬ್ರು ಕೂತು ಕಷ್ಟಪಡ್ಬೇಕಾಯ್ತು. ಈಗ ನೀವೇ ಬರ್ದು ಕಳಿಸ್ತೀರಿ."

ಅವರು ಹಾಳೆಯನ್ನು ಮೇಜಿನ ಮೇಲೆ ಇಟ್ಟಿದ್ದರು. ಅದು ಕೈಬರಹದ ನಕಲು. ಸಿಲ್ಕೆಯ ಕಣ್ಣು ಸುಮ್ಮನೆ ಅದರ ಮೇಲೆ ಹೋಯಿತು. ಪ್ರತಿ ಅಂಕಿಯ ಕೆಳಗೂ ಎರಡು ಗೀಟು, ಎರಡನೆಯದು ಮೊದಲನೆಯದಕ್ಕಿಂತ ಗಿಡ್ಡ. ಅವಳು ತಲೆಯೆತ್ತಿ ಒಲೆಯ ಪಕ್ಕದ ಗೋಡೆ ನೋಡಿದಳು. ಅಲ್ಲಿ ಚೌಕಟ್ಟು ಹಾಕಿ ತೂಗುಬಿಟ್ಟಿದ್ದ ಚೀಟಿಯಲ್ಲಿ ಕ್ರಿಸ್‌ಮಸ್ಸಿನ ಸ್ಟೊಲೆನ್ ರೊಟ್ಟಿಗೆ ಬೆಣ್ಣೆ ಎಷ್ಟು, ಒಣದ್ರಾಕ್ಷಿ ಎಷ್ಟು ಎಂದು ಬರೆದಿತ್ತು. ಪ್ರತಿ ಅಂಕಿಯ ಕೆಳಗೂ ಎರಡು ಗೀಟು. ಆರು ವರ್ಷದ ಹಿಂದೆ ತೀರಿಕೊಂಡ ಅವಳ ಅಮ್ಮ ಗುದ್ರುನ್ ಬರೆದದ್ದು ಅದು. ಗುದ್ರುನ್ ಇಪ್ಪತ್ತು ವರ್ಷ ಸಹಕಾರಿ ಅಂಗಡಿಯ ಗಲ್ಲಾದಲ್ಲಿ ಕೂತವಳು.

ರೋಸ್ವಿತಾ ತಟ್ಟನೆ ಹಾಳೆಯ ಮೇಲೆ ಅಂಗೈ ಊರಿದರು. ತಡವಾಗಿತ್ತು. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಸಿಲ್ಕೆ ಎದ್ದು ಇನ್ನೂ ಊಟ ಮುಗಿಯದ ತಟ್ಟೆಗಳನ್ನು ಎತ್ತತೊಡಗಿದಳು.

ಮಾರನೇ ದಿನ ರೋಸ್ವಿತಾ ಯೂಲೆಯನ್ನೂ ಸಿಲ್ಕೆಯನ್ನೂ ಮೇಲಕ್ಕೆ ಕರೆದು ಶವಪೆಟ್ಟಿಗೆಯ ಲಕೋಟೆ ಬಿಚ್ಚಿದರು. ಸಾವಿರದ ನೂರನಲವತ್ತು ಎಣಿಸಿ ಮೇಜಿನ ಮೇಲಿಟ್ಟರು.

"ಏನು ತಗೊಂಡೆ ಅಂತ ನಾನು ಕೇಳಲ್ಲ, ಯಾರೂ ಕೇಳ್ಕೂಡ್ದು. ಆದ್ರೆ ಇದು ದಾನ ಅಲ್ಲ. ತಿಂಗಳಿಗೆ ಅರವತ್ತು ಯೂರೋ, ನಿನ್ನ ಕೈಯಿಂದ ಈ ಲಕೋಟೆಗೆ. ಹತ್ತೊಂಬತ್ತು ತಿಂಗಳು. ಅಲ್ಲೀವರ್ಗೂ ನಾನು ಸಾಯೋ ಹಾಗಿಲ್ಲ, ಪೆಟ್ಟಿಗೆಗೆ ದುಡ್ಡಿಲ್ಲ."

ಯೂಲೆ ನಗುತ್ತ ನಗುತ್ತಲೇ ಅತ್ತುಬಿಟ್ಟಳು. "ಓಮಾ, ಹಾಗಾದ್ರೆ ನಾನು ತಿಂಗಳಿಗೆ ಹತ್ತೇ ಯೂರೋ ಕೊಡ್ತೀನಿ."

"ಕಳ್ಳಿ!" ಎಂದು ಅಜ್ಜಿ ಅವಳ ಕಿವಿ ಹಿಂಡಿದರು. "ಫೋನಿನಲ್ಲಿರೋ ಆ ಕಂತಿನ ಅಂಗಡಿ ಮೊದ್ಲು ತೆಗಿ. ನನ್ನ ಮುಂದೆ."

ಹದಿಮೂರನೇ ತಾರೀಕು ಸಿಲ್ಕೆ ಮಗಳ ಜೊತೆ ಹೋಗಿ ಬ್ಯಾಂಕಿನ ಕಿಂಡಿಯಲ್ಲಿ ದುಡ್ಡು ಕಟ್ಟಿಸಿದಳು. ದಾರಿಯುದ್ದಕ್ಕೂ ಆ ಹದಿನಾಲ್ಕನೇ ತಾರೀಕಿನ ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಯಿತು. ಅವಳು ಕೇಳಲಿಲ್ಲ. ಸೇತುವೆಯ ಹತ್ತಿರ ಯೂಲೆ ತಾನಾಗಿಯೇ ಅಮ್ಮನ ತೋಳಿಗೆ ತೋಳು ಸಿಕ್ಕಿಸಿಕೊಂಡಳು, ಅಷ್ಟೆ. ಹತ್ತು ದಿನದಲ್ಲಿ ಬಾಕಿಯಿಲ್ಲವೆಂಬ ಪತ್ರ ಬಂತು. ಕೋಣೆ ಯೂಲೆಯದಾಯಿತು. ಹೈಕೊ ಮಗಳ ಬಳಿ ತಪ್ಪಾಯಿತು ಎನ್ನಲಿಲ್ಲ. ಅದು ಅವನ ಜಾಯಮಾನವಲ್ಲ. ಹಳದಿ ಪೆನ್ನು ಒಲೆಗೆ ಹಾಕಿ, ಅವಳ ಹೊಸ ಕೋಣೆಗೆ ಒಂದು ಕಪಾಟು ಮಾಡಲು ಕೂತ.

ಸಿಲ್ಕೆ ಮಾತ್ರ ಆ ದಿನಗಳಲ್ಲಿ ಅತ್ತೆಯ ಮುಖ ನೋಡುತ್ತಿರಲಿಲ್ಲ. ಸೂಪು ಕುಡಿದು, ಬಟ್ಟಲು ತೊಳೆದಿಟ್ಟು ಎದ್ದುಬಿಡುತ್ತಿದ್ದಳು. ಗೋಡೆಯ ಚೌಕಟ್ಟು ಕಾಣೆಯಾಗಿತ್ತು. ಹೈಕೊ ಕೇಳಿದ್ದಕ್ಕೆ ಗಾಜು ಒಡೆಯಿತೆಂದಳು.

ನವೆಂಬರಿನ ಕೊನೆಯ ಶನಿವಾರ ಸ್ಟೊಲೆನ್ ಮಾಡುವ ದಿನ. ರೋಸ್ವಿತಾ ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿಯ ಪಾತ್ರೆ ಹಿಡಿದು ಇಳಿದು ಬಂದರು. ಹೈಕೊ, ಯೂಲೆ ಇಬ್ಬರೂ ಮನೆಯಲ್ಲಿರಲಿಲ್ಲ.

"ಚೀಟಿ ಎಲ್ಲಿ?"

"ತೆಗ್ದಿಟ್ಟೆ."

"ಅದಿಲ್ದೆ ಬೆಣ್ಣೆ ಎಷ್ಟು ಅಂತ ಹೇಗೆ ಗೊತ್ತಾಗ್ಬೇಕು?"

ಸಿಲ್ಕೆ ಹಿಟ್ಟಿನ ಕೈ ಹಾಗೇ ಮೇಲಕ್ಕೆತ್ತಿಕೊಂಡು ನಿಂತಳು. "ಅತ್ತೆ, ನಿಮಗೆ ಯಾವಾಗಿಂದ ಗೊತ್ತು?"

ರೋಸ್ವಿತಾ ಪಾತ್ರೆ ಇಟ್ಟು ಕುರ್ಚಿ ಎಳೆದುಕೊಂಡರು. "ತೊಂಬತ್ತನಾಲ್ಕರಿಂದ. ಎರಡೂ ದೇಶ ಒಂದಾಗಿ, ಆ ಪೊಲೀಸರ ಕಡತ ನೋಡೋಕ್ಕೆ ಬಿಟ್ಟಾಗ ಬರ್ದೋರ ಹೆಸ್ರನ್ನೂ ಕೇಳಿ ತಿಳ್ಕೊಂಡೆ."

"ನಮ್ಮ ಮದ್ವೆ ಆಗಿದ್ದು ಎರಡು ಸಾವಿರದ ಒಂದರಲ್ಲಿ."

"ಹೂಂ. ಹೈಕೊ ನಿನ್ನ ಹೆಸ್ರು ಹೇಳ್ದಾಗ ಒಂದು ವಾರ ಅನ್ನ ಸೇರ್ಲಿಲ್ಲ. ಲೋಥಾರ್‌ಗೆ ಹೇಳ್ಲಿಲ್ಲ. ಹೇಳಿದ್ರೆ ಮದ್ವೆ ನಡೀತಿರ್ಲಿಲ್ಲ. ಎಂಬತ್ತಮೂರರಲ್ಲಿ ನಿನಗೆ ಆರು ವರ್ಷ, ನಿಂದೇನಿತ್ತು ಅದ್ರಲ್ಲಿ?"

"ಹದಿನಾರು ವರ್ಷ ಅಮ್ಮ ಭಾನುವಾರ ಭಾನುವಾರ ಇಲ್ಲಿ ಕಾಫಿಗೆ ಬಂದ್ಲು. ನೀವೇ ಕೇಕು ಕುಯ್ದು ಕೊಡ್ತಿದ್ರಿ!"

"ನಂಗೆ ಗೊತ್ತು ಅಂತ ಅವಳಿಗೂ ಗೊತ್ತಿತ್ತು. ಅದಕ್ಕೇ ಯಾವತ್ತೂ ಎರಡನೇ ತುಂಡು ಮುಟ್ಲಿಲ್ಲ. ನೀನು ಯೂಲೆ ಹೆರಿಗೆಗೆ ಹೋಗಿದ್ದಾಗ ಮನೇಲಿ ನಾವಿಬ್ರೇ ಇದ್ವಿ. ಒಂದು ಪೊಟ್ಟಣ ತಂದು ನನ್ನ ಮುಂದಿಟ್ಲು. ಗಂಡಸರ ಮನೆಚಪ್ಪಲಿ. ನಲವತ್ತೊಂದು. ಅವಳೂ ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ."

"ಏನ್ ಮಾಡಿದ್ರಿ ಅದನ್ನ?"

"ಏನ್ ಮಾಡ್ಲಿ? ನನ್ನ ಪಾದ ಮೂವತ್ತೆಂಟು. ಬೀರುವಿನಲ್ಲಿದೆ."

"ಯಾಕೆ ಬರ್ದಳು ಅತ್ತೆ? ದುಡ್ಡಿಗಾ? ಹೆದರ್ಸಿದ್ರಾ?"

"ಕೇಳ್ಲಿಲ್ಲ. ಕೇಳ್ತಾ ಹೋಗಿದ್ರೆ ನಾನೂ ಅವಳ ಮೇಲೊಂದು ಕಡತ ಶುರುಮಾಡ್ದ ಹಾಗಾಗ್ತಿತ್ತು."

ಹೊರಗೆ ಬಚ್ಚಲಿನಲ್ಲಿ ಹಳೆಯ ಮಷಿನ್ನು ಹಿಂಡಲು ಶುರುಮಾಡಿ ನೆಲ ಅದುರಿಸಿತು. ಅದು ನಿಲ್ಲುವವರೆಗೂ ಇಬ್ಬರೂ ಕಾದರು.

"ಅದಕ್ಕೇ ನೀವು ನನ್ನ ಕೌಂಟರಿಗೆ ಬರಲ್ಲ," ಎಂದಳು ಸಿಲ್ಕೆ.

"ನಿನ್ನ ಮೇಲೆ ಏನೂ ಇಲ್ಲ ಕಣೆ. ಮನಸ್ಸು ಒಪ್ಪುತ್ತೆ, ಕಾಲು ಒಪ್ಪಲ್ಲ. ನೀನು ಸಾಮಾನು ಎತ್ತಿಕೊಂಡಾಗ ಒಂದು ಗಳಿಗೆ ಅದನ್ನೇ ನೋಡ್ತೀಯ. ಬೆಲೆ ಚೀಟಿಗೇ ಇರ್ಬಹುದು. ಅವಳೂ ಹಾಗೇ ನೋಡೋಳು."

ಸಿಲ್ಕೆ ಕೈ ತೊಳೆದುಕೊಂಡು ಒಳಗೆ ಹೋದಳು. ಬಟ್ಟೆಗಳ ಅಡಿಯಿಂದ ಚೌಕಟ್ಟು ತಂದು ಮೇಜಿನ ಮೇಲಿಟ್ಟಳು. ಅಮ್ಮನ ಅಕ್ಷರ ನೋಡಿ ಸಿಟ್ಟೂ ಬಂತು, ಅಮ್ಮ ಬೇಕು ಅಂತಲೂ ಅನ್ನಿಸಿತು. ಎರಡನ್ನೂ ಬೇರೆ ಮಾಡಲು ಅವಳಿಂದ ಆಗಲಿಲ್ಲ. ರೋಸ್ವಿತಾ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಬೆಣ್ಣೆ ಏಳ್ನೂರೈವತ್ತು ಗ್ರಾಂ," ಎಂದು ಓದಿದರು. "ಲೆಕ್ಕ ಮಾತ್ರ ಚೊಕ್ಕ, ಪುಣ್ಯಾತ್ಗಿತ್ತಿದು."

ಸಿಲ್ಕೆಗೆ ತಡೆಯಲಾರದಷ್ಟು ನಗು ಬಂತು. ನಗುತ್ತ ಅತ್ತೆಯ ಹೆಗಲಿಗೆ ಹಣೆ ಇಟ್ಟು ಅತ್ತಳು. ಆ ವರ್ಷ ಹಿಟ್ಟು ತುಸು ಗಟ್ಟಿಯಾಯಿತು.

ಹಬ್ಬಕ್ಕೆ ಎರಡು ವಾರವಿದ್ದ ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರೂ ಕೌಂಟರಿನ ಸಾಲು ಬಾಗಿಲು ಮುಟ್ಟಿತ್ತು. ಸಿಲ್ಕೆ ತಲೆಯೆತ್ತದೆ ಸಾಮಾನು ಎಳೆದು ಎಳೆದು ಹಾಕುತ್ತಿದ್ದಳು. ಒಂದು ಪರಿಚಿತ ಬುಟ್ಟಿ ಸಾಮಾನು ಸಾಗಿಸುವ ಪಟ್ಟಿಯ ತುದಿಗೆ ಬಂದು ನಿಂತಿತು. ಒಂದನೇ ಕೌಂಟರಿನಲ್ಲಿ ಇನೆಸಳ ಕೈ ಅರ್ಧಕ್ಕೇ ನಿಂತುಹೋಯಿತು.

"ನಮಸ್ಕಾರ," ಎಂದರು ರೋಸ್ವಿತಾ, ಬೇರೆ ಯಾರಿಗೋ ಹೇಳುವಂತೆ.

"ನಮಸ್ಕಾರ," ಎಂದಳು ಸಿಲ್ಕೆ.

ಪಾಯಿಂಟ್ ಕಾರ್ಡ್ ಇದೆಯೇ ಎಂದು ಪ್ರತಿಯೊಬ್ಬರನ್ನೂ ಕೇಳಬೇಕೆಂದು ಅಂಗಡಿಯ ಕಟ್ಟಳೆ. ಅವಳು ಕೇಳಲಿಲ್ಲ. ಅತ್ತೆಯ ಕೋಟಿನ ಎರಡನೇ ಗುಂಡಿ ಸಡಿಲವಾಗಿತ್ತು. ಸಿಲ್ಕೆ ಕಣ್ಣನ್ನು ಆ ಗುಂಡಿಯ ಮೇಲೆ ನೆಟ್ಟಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಹದಿನಾಲ್ಕು ವರ್ಷದ ಕೈ ಅದು, ಕಣ್ಣಿನ ಹಂಗು ಬೇಕಿರಲಿಲ್ಲ. ಮಷಿನ್ನು ಪೀಂ ಪೀಂ ಎಂದಿತು. ಒಂದು ಸಲ ಏನೋ ಮೆತ್ತಗೆ ಕೈಗೆ ತಾಕಿತು, ಒಂದು ಸಲ ಏನೋ ತಣ್ಣಗೆ. ಅವಳು ಕಣ್ಣು ಇಳಿಸಲಿಲ್ಲ.

ರೋಸ್ವಿತಾ ನಾಣ್ಯ ಒಂದೊಂದೇ ಎಣಿಸಿದರು. ಹಿಂದಿನವರು ಗೊಣಗಿದರು. ಬಿಲ್ಲು ಹೊರಗೆ ಬಂದಾಗ ಸಿಲ್ಕೆ ಅದನ್ನು ತಾನೇ ನಾಲ್ಕು ಚೂರು ಮಾಡಿ ಅತ್ತೆಯ ಅಂಗೈಗೆ ಹಾಕಿದಳು. ಮುದುಕಿಯ ಬೆರಳು ಒಂದು ಗಳಿಗೆ ಸೊಸೆಯ ಬೆರಳನ್ನು ಹಿಡಿದುಕೊಂಡಿತು.

ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ನೀರು ಬಸಿದ ಗಟ್ಟಿ ಮೊಸರು. ಹೈಕೊ ಕುರ್ಚಿ ಎಳೆಯುತ್ತಲೇ ಶುರುಮಾಡಿದ.

"ಊರೆಲ್ಲ ಅದೇ ಸುದ್ದಿ! ಇನೆಸ್ ನನ್ನ ಲಾರಿ ನಿಲ್ಸಿ ಹೇಳಿದ್ಲು. ಅಮ್ಮ ಇವತ್ತು ನಿನ್ನ ಕೌಂಟರಿಗೆ ಬಂದಿದ್ಲಂತೆ! ಹಬ್ಬಕ್ಕೆ ನಂಗೇನಾದ್ರೂ ತಂದ್ಲಾ? ಏನೇನು ತಗೊಂಡ್ಲು?"

ರೋಸ್ವಿತಾ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದವರು ಚಾಕು ನಿಲ್ಲಿಸಿದರು.

"ನಾನು ನೋಡ್ಲಿಲ್ಲ," ಎಂದಳು ಸಿಲ್ಕೆ. "ಅತ್ತೆ, ಇನ್ನೊಂದು ಹಾಕ್ಲಾ?"

ರೋಸ್ವಿತಾ ತಟ್ಟೆಯನ್ನು ಸೊಸೆಯ ಕಡೆ ಚಾಚಿದರು.